ತಾಯಿಗೆ ಹದಿನಾರು, ಕೂಸಿಗೆ ನಲವತ್ತು ದಿನ

ಊರಿನ ಹೆಸರು ಬರೆಯುವಂತಿಲ್ಲ. ಪೋಕ್ಸೊ ಕಾಯ್ದೆಯ 23ನೇ ಕಲಮು, ಬಾಲನ್ಯಾಯ ಕಾಯ್ದೆಯ 74ನೇ ಕಲಮು ಅದನ್ನು ತಡೆಯುತ್ತವೆ, ತಡೆಯಲೇಬೇಕು. ಜಿಲ್ಲಾ ಕೇಂದ್ರವೊಂದರ ಬಾಲಕಿಯರ ಬಾಲಮಂದಿರ ಎಂದಷ್ಟೇ ತಿಳಿದರೆ ಸಾಕು.

ಗೇಟಿನಲ್ಲಿ ಸಹಿ ಹಾಕಿ ಒಳಹೊಕ್ಕರೆ ಮೊದಲು ಕಚೇರಿ. ಗೋಡೆಯ ಮೇಲೆ 1098 ಸಹಾಯವಾಣಿಯ ಫಲಕ, ಕಪಾಟಿನಲ್ಲಿ ಹುಡುಗಿಯರ ಕಡತಗಳು. ನಾನು ಯಾವುದನ್ನೂ ಬಿಚ್ಚಿ ನೋಡಲಿಲ್ಲ. ಅಧೀಕ್ಷಕಿ ತೋರಿಸಿದ್ದು ಇಷ್ಟೇ: ಒಂದು ದಪ್ಪ ಕಡತದ ಜೊತೆಗೇ ಕಟ್ಟಿಟ್ಟ ತೆಳ್ಳನೆಯ ಇನ್ನೊಂದು. ದಪ್ಪನೆಯದು ತಾಯಿಯದು, ತೆಳ್ಳನೆಯದು ಕೂಸಿನದು. ಕಾನೂನಿನ ಪ್ರಕಾರ ಇಬ್ಬರೂ ಪಾಲನೆ, ರಕ್ಷಣೆ ಬೇಕಾದ ಮಕ್ಕಳೇ. ಇಬ್ಬರ ವಿಷಯವನ್ನೂ ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಆದರೆ ಬಾಲಮಂದಿರ ಇರುವುದು ಆರು ವರ್ಷ ದಾಟಿದವರಿಗೆ, ಎಳೆಗೂಸುಗಳಿಗೆ ಬೇರೆಯೇ ಕೇಂದ್ರ. ಇಬ್ಬರೂ ಒಂದೇ ಸೂರಿನಡಿ ಇರಬೇಕಾದರೆ ಯಾರಾದರೂ ಮನಸ್ಸು ಮಾಡಬೇಕು. ಈ ಅಧೀಕ್ಷಕಿ ಮಾಡಿದ್ದಾರೆ.

ಪಡಸಾಲೆಯ ಕೊನೆಯಲ್ಲಿದ್ದ ಉಗ್ರಾಣ ಈಗ ಬಾಣಂತಿ ಕೋಣೆ. ಎರಡು ಮಂಚ, ಸೀರೆಯ ಜೋಲಿ, ಕಿಟಕಿಯಲ್ಲಿ ತಾಯಿ ಕಾರ್ಡು ಮತ್ತು ಎಸ್ಸೆಸ್ಸೆಲ್ಸಿ ಗಣಿತದ ಪುಸ್ತಕ. ಪಕ್ಕದ ಬಚ್ಚಲಲ್ಲಿ ಅಡುಗೆಯ ಅಜ್ಜಿ ಹುಡುಗಿಗೆ ಕೂಸನ್ನು ಎರೆಯುವುದು ಹೇಳಿಕೊಡುತ್ತಿದ್ದರು. ಕಾಲು ಚಾಚಿ ಕೂತ ಹುಡುಗಿಯ ಕೈ ನಡುಗುತ್ತಿತ್ತು. "ಕುತ್ತಿಗೆಗೆ ಕೈ ಕೊಡು ಕಣವ್ವ. ಹೆದರ್ಬೇಡ, ನಾನಿಲ್ವಾ" ಎಂದರು ಅಜ್ಜಿ. ತವರಿನಲ್ಲಾದರೆ ಅಮ್ಮ, ಅತ್ತೆ, ನೆರೆಮನೆಯಾಕೆ ಸೇರಿ ಮಾಡುವ ಕೆಲಸವನ್ನು ಇಲ್ಲಿ ಒಬ್ಬರೇ ಮಾಡುತ್ತಾರೆ. ಸರ್ಕಾರಿ ಭಾಷೆಯಲ್ಲಿ ‘ಬೆಂಬಲ’ ಎನ್ನುವುದರ ಬಹುಪಾಲನ್ನು ನಾನು ಕಂಡದ್ದು ಆ ಬಚ್ಚಲಲ್ಲೇ.

ಕೂಸನ್ನು ಕೊಡುವುದೋ ಇಟ್ಟುಕೊಳ್ಳುವುದೋ? ಸಮಿತಿಯ ಮುಂದೆ ಒಪ್ಪಿಸಿದ ಮೇಲೂ ಮರುಯೋಚನೆಗೆ ಕಾನೂನು ಎರಡು ತಿಂಗಳು ಕೊಡುತ್ತದೆ. ಮನೆಯವರು ಅಷ್ಟು ಕಾಯುವುದಿಲ್ಲ. "ಕೊಟ್ಬಿಟ್ಟು ಬಾ, ಎಲ್ಲಾ ಮರೆತುಬಿಡೋಣ" ಎಂದು ಫೋನಿನಲ್ಲಿ ಹೇಳುತ್ತಾರೆ. ಕೊಡುವವಳನ್ನು ಕಲ್ಲೆದೆಯವಳು ಎನ್ನಲು ಯಾರಿಗೂ ಹಕ್ಕಿಲ್ಲ; ಆದರೆ ಹಸಿ ಬಾಣಂತಿಯ ಮೇಲೆ ಅವಸರ ಹೇರಿ ಸಹಿ ಹಾಕಿಸಿಕೊಳ್ಳುವುದು ಅವಳಿಗಾದ ಅನ್ಯಾಯದ ಮೇಲೆ ಮತ್ತೊಂದು ಅನ್ಯಾಯ. ಕೆಲವು ಪ್ರಕರಣಗಳಲ್ಲಿ ಅಪ್ಪನೂ ಹದಿನೇಳರ ಹುಡುಗ, ವೀಕ್ಷಣಾಲಯಕ್ಕೆ ಹೋದವನು. ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಜನನ ಪ್ರಮಾಣಪತ್ರಕ್ಕೆ ಅಪ್ಪನ ಹೆಸರು ಬೇಕೆಂದು ಹಿಂದೆ ಅಲೆಸುತ್ತಿದ್ದರಂತೆ. ಅವಿವಾಹಿತ ತಾಯಿಯನ್ನು ಅದಕ್ಕಾಗಿ ಒತ್ತಾಯಿಸಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿ ಅಧೀಕ್ಷಕಿಯ ಮೇಜಿನ ಮೇಲೇ ಇದೆ. ಹಣದ ಮಾತು ಬಂದಾಗ ಮಾತ್ರ ಅವರ ದನಿ ಗಡುಸಾಯಿತು. ಹೆರಿಗೆಗೆ ನೆರವಾಗುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಹದಿನೆಂಟು ತುಂಬದವಳಿಗೆ ಸಿಗದು. ಅತ್ಯಾಚಾರದಿಂದ ಗರ್ಭಿಣಿಯರಾದ ಬಾಲಕಿಯರಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ನಿರ್ಭಯಾ ನಿಧಿಯಿಂದ 74.10 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದರ ಹಣ ಈ ಕೋಣೆಯವರೆಗೆ ಇನ್ನೂ ಬಂದಿಲ್ಲ. ಪೋಷಕ ಕುಟುಂಬಕ್ಕೆ ಕಳಿಸಲು ಕಾಯ್ದೆಯಲ್ಲಿ ಅವಕಾಶವಿದ್ದರೂ, ಹುಡುಗಿಯನ್ನು ಕೂಸಿನ ಸಮೇತ ಕರೆದುಕೊಳ್ಳುವ ಒಂದು ಮನೆಯೂ ಈವರೆಗೆ ಮುಂದೆ ಬಂದಿಲ್ಲ.

ಹುಡುಗಿಗೆ ಪರೀಕ್ಷೆ ಬರೆಯುವ ಹಟವಿದೆ. ಶಾಲೆಯ ಹೊತ್ತಿನಲ್ಲಿ ಕೂಸು ಯಾರ ಬಳಿ ಇರಬೇಕು? ಅಜ್ಜಿಗೆ ನಲವತ್ತು ಜನರ ಅಡುಗೆ ಇದೆ. ಒಬ್ಬ ಆಯಾ ಬೇಕೆಂದು ಅಧೀಕ್ಷಕಿ ಮೇಲಕ್ಕೆ ಬರೆದಿದ್ದಾರೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿರುವ ರಾಜ್ಯ ಸರ್ಕಾರ ಇದು. ಅಂಥದ್ದೇ ಒಂದನ್ನು ಈ ಪಡಸಾಲೆಯಲ್ಲೂ ತೆರೆಯಲಿ, ಪರೀಕ್ಷೆಗೆ ಮೊದಲೇ ತೆರೆಯಲಿ.