ಫ್ಯಾನ್ ಕಲಿಸಿದ ಫಿಸಿಕ್ಸ್

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮು ಹೇಗಿರುತ್ತದೆ ಎಂಬುದು ಅಲ್ಲಿ ಇದ್ದು ಬಂದವರಿಗೆಲ್ಲ ಗೊತ್ತು. ಮೂವರಿಗೆ ಒಂದು ಕೋಣೆ, ಗೋಡೆ ತುಂಬ ನಕಾಶೆ, ನೆತ್ತಿಯ ಮೇಲೊಂದು ಹಳೇ ಫ್ಯಾನು. ಏಪ್ರಿಲ್ ಬಿಸಿಲಲ್ಲಿ ಆ ಫ್ಯಾನೇ ಕೈಕೊಟ್ಟಿತು. ಸ್ವಿಚ್ ಹಾಕಿದರೆ ಬರೀ ‘ಗುಂಯ್’ ಎನ್ನುವ ಸದ್ದು. ಕೋಲಿನಿಂದ ರೆಕ್ಕೆ ತಳ್ಳಿದರೆ ಮಾತ್ರ ನಿಧಾನವಾಗಿ ತಿರುಗುತ್ತಿತ್ತು.

‘ರಿಪೇರಿ ನೀವೇ ಮಾಡಿಸ್ಕೋರಿ’ ಎಂದರು ಮನೆ ಮಾಲೀಕರು. ಎಲೆಕ್ಟ್ರಿಷಿಯನ್ ಬಂದು ನೋಡುವುದಕ್ಕೇ 300 ರೂಪಾಯಿ. ಅಪ್ಪ ಊರಿನಿಂದ ಕಳಿಸುವ ದುಡ್ಡಿನಲ್ಲಿ ಅದು ಹಲವು ದಿನಗಳ ಊಟ. ಪರೀಕ್ಷೆಗೆ ಉಳಿದದ್ದು 18 ದಿನ.

ನಾನು ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದಿದವನು. ಕೆಪಾಸಿಟರ್ ಮೇಲೆ ಲೆಕ್ಕಗಳನ್ನು ಬಿಡಿಸಿದ್ದೆನೇ ಹೊರತು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಹಳೇ ಪುಸ್ತಕ ತೆಗೆದು ಓದಿದೆ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟು ಒಂದರಿಂದಲೇ ಫ್ಯಾನಿನ ಮೋಟಾರು ತಾನಾಗಿ ತಿರುಗಲು ಶುರುಮಾಡುವುದಿಲ್ಲ. ಅದಕ್ಕೇ ಒಳಗೆ ಎರಡು ವೈಂಡಿಂಗ್ ಇರುತ್ತವೆ. ಎರಡನೆಯದರ ಕರೆಂಟನ್ನು ಕೆಪಾಸಿಟರ್ ತುಸು ಮುಂದಕ್ಕೆ ಸರಿಸುತ್ತದೆ. ಆ ಅಂತರದಿಂದಲೇ ಕಾಂತಕ್ಷೇತ್ರ ಸುತ್ತತೊಡಗುತ್ತದೆ. ಕೆಪಾಸಿಟರ್ ಬಲ ಕುಂದಿದರೆ ವೇಗ ಇಳಿಯುತ್ತದೆ. ಪೂರ್ತಿ ಹಾಳಾದರೆ ಫ್ಯಾನು ಗುಂಯ್‌ಗುಡುತ್ತಾ ನಿಲ್ಲುತ್ತದೆ. ನಮ್ಮ ಫ್ಯಾನಿನ ಕಾಯಿಲೆ ಅದೇ ಎನಿಸಿತು.

‘ಲೇ, ಶಾಕ್ ಹೊಡದ್ರ ಪರೀಕ್ಷಾ ಯಾರು ಬರೀತಾರ?’ ಎಂದ ಗೆಳೆಯ. ಅವನ ಮಾತು ಸುಳ್ಳಲ್ಲ. ಗೋಡೆಯ ಸ್ವಿಚ್ ಒಂದನ್ನೇ ನಂಬುವಂತಿಲ್ಲ. ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಫ್ಯಾನಿಗೆ ಕರೆಂಟು ಬರುತ್ತಿರಬಹುದು. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿದೆ. ಅವನು ಸ್ಟೂಲ್ ಹಿಡಿದುಕೊಂಡ. ಫ್ಯಾನಿನ ಮೇಲಿನ ಬಟ್ಟಲು ಸರಿಸಿದಾಗ ಬೆಂಕಿಪೊಟ್ಟಣದಂಥ ಪೆಟ್ಟಿಗೆ ಕಂಡಿತು. ಮೊದಲು ವೈರ್‌ಗಳ ಫೋಟೊ ತೆಗೆದುಕೊಂಡೆ. ಅದರಲ್ಲಿ ಚಾರ್ಜ್ ಉಳಿದಿರಬಹುದೆಂದು ಪ್ಲಾಸ್ಟಿಕ್ ಹಿಡಿಕೆಯ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿಗಳನ್ನು ಮುಟ್ಟಿಸಿ ಖಾಲಿ ಮಾಡಿದೆ. ಮೇಲೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಬರೆದಿತ್ತು. ಅದೇ ಅಳತೆಯದನ್ನೇ ತಂದೆ. ಹೆಚ್ಚಿನದು ಹಾಕಿದರೆ ಮೋಟಾರು ಬಿಸಿಯಾಗುತ್ತದೆ. ಬೆಲೆ 60 ರೂಪಾಯಿ. ಹಾಕಿ ಮೇನ್ ಆನ್ ಮಾಡಿದೆವು. ಗೋಡೆಯ ನಕಾಶೆಗಳೆಲ್ಲ ಪಟಪಟ ಹಾರಿದವು.

ಉಳಿದ 240 ರೂಪಾಯಿಗಿಂತ ದೊಡ್ಡದೊಂದು ಸಿಕ್ಕಿತ್ತು. ಎರಡು ವರ್ಷದಿಂದ ಆಯ್ಕೆಪಟ್ಟಿಗಳಲ್ಲಿ ನನ್ನ ನಂಬರ್ ಹುಡುಕಿ ಸಿಗದೆ, ನನಗೇನೂ ಬರುವುದಿಲ್ಲ ಎಂದೇ ನಂಬಿಬಿಟ್ಟಿದ್ದೆ. ಓದಿದ್ದು ನೀರಲ್ಲಿ ಹೋಗಿಲ್ಲ ಎಂದು ಅಂದು ಕಣ್ಣಾರೆ ಕಂಡೆ. ಆ ವಾರ ಪಕ್ಕದ ರೂಮಿನವರೂ ಕರೆದರು. ಒಂದು ಫ್ಯಾನಿಗೆ ಕೆಪಾಸಿಟರ್ ಹಾಕಿಕೊಟ್ಟೆ. ಇನ್ನೊಂದರಲ್ಲಿ ಸುಟ್ಟ ವಾಸನೆ ಬರುತ್ತಿತ್ತು. ವೈಂಡಿಂಗ್ ಹೋಗಿರಬಹುದು, ಅಂಗಡಿಗೇ ಒಯ್ಯಿರಿ ಎಂದೆ. ನಮ್ಮ ಕೈಯಲ್ಲಿ ಆಗದ್ದು ಯಾವುದೆಂದು ತಿಳಿದಿರುವುದೂ ರಿಪೇರಿಯ ಭಾಗವೇ.

ವಾರಂಟಿ ಇದ್ದರೆ ಬಿಚ್ಚಬೇಡಿ. ವಾರಂಟಿ ಮುಗಿದಿದ್ದರೆ ಬಿಸಾಡುವ ಮುನ್ನ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ಓದಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿದೆ. ಹಲವು ಕಂಪನಿಗಳ ರಿಪೇರಿ ಮಾಹಿತಿ ಅಲ್ಲಿದೆ. ಕೆಲಸ ಸಿಗುವವರೆಗೂ ಕೈಗಳು ಸುಮ್ಮನಿರಬೇಕೆಂದೇನೂ ಇಲ್ಲವಲ್ಲ!