ಹಾಜರಿ ಪುಸ್ತಕದಲ್ಲಿ ಕಾಣದ ಕಾರಣ

ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕಪರಿಶೋಧನೆಗೆ ಕುಳಿತಿದ್ದೆ. ಅಮೃತಾಪುರದ ಕಡೆಯಿಂದ ತರೀಕೆರೆಗೆ ಬರುವ ಹಮಾಲಿಯೊಬ್ಬನ ಹೆಸರಿನ ಮುಂದೆ, ಪ್ರತಿ ಬಟವಾಡೆಯ ಮರುದಿನವೂ ಗೈರುಹಾಜರಿ. ಮುಂಗಡದ ಬಾಕಿಯೂ ಬೆಳೆಯುತ್ತಲೇ ಇತ್ತು. ಕಾರಣ ಮದ್ಯಪಾನ. "ಚಿಕಿತ್ಸೆಗೆ ಹೋಗೆಂದರೆ ಒಪ್ಪುವುದಿಲ್ಲ ಸ್ವಾಮಿ, ಕೆಲಸ ಬಿಡಿಸುವುದೊಂದೇ ದಾರಿ" ಎಂದರು ಮಾಲೀಕರು.

ಆತನನ್ನೇ ವಿಚಾರಿಸಿದಾಗ ತಿಳಿದ ಸಂಗತಿ ಬೇರೆ. ಆತನಿಗೆ ಚಿಕಿತ್ಸೆ ಬೇಡವಾಗಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ದಾಖಲಾದರೆ ಕೂಲಿ ತಪ್ಪುತ್ತದೆ, ವಿಷಯ ಮಂಡಿಯಲ್ಲೆಲ್ಲ ಹರಡುತ್ತದೆ, ಮರಳಿದಾಗ ಕೆಲಸ ಉಳಿದಿರುವುದೋ ಇಲ್ಲವೋ ಎಂಬ ಮೂರು ಭಯಗಳು ಆತನನ್ನು ತಡೆದಿದ್ದವು.

ಇದು ಒಬ್ಬನ ಕಥೆಯಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಾವಲಂಬಿಗಳಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು. ಒಳರೋಗಿಯಾಗಿ ಪಡೆದವರು 180ರಲ್ಲಿ ಒಬ್ಬರು ಮಾತ್ರ. ಸೌಲಭ್ಯದ ಕೊರತೆಯ ಜೊತೆಗೆ, ಇರುವ ಸೌಲಭ್ಯವು ರೋಗಿಯ ದುಡಿಮೆ ಹಾಗೂ ಮರ್ಯಾದೆಗೆ ಹೊಂದದಿರುವುದೂ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಕುಟುಂಬದೊಡನೆ, ಹತ್ತಾರು ಜನರ ನಡುವೆ ಬಿಡಲು ಬಯಸುವವರಿಗೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿವೆ. ಬಳಿಕ ನವಜೀವನ ಸಮಿತಿಗಳ ಆಸರೆಯಿದೆ. ಗುಟ್ಟಾಗಿ, ಕೆಲಸ ಬಿಡದೆ ಚಿಕಿತ್ಸೆ ಬಯಸುವವರಿಗೆ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ ಅನುಕೂಲ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕರೆತರುವ ಕ್ರಮ ಹಾಕಿತು. ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮೊದಲ ಮಾತನ್ನೇ ಆಡಲು ಅಂಜುವವರಿಗೆ 2022ರಿಂದ ಟೆಲಿ ಮಾನಸ್ ದೂರವಾಣಿ 14416 ಇದೆ.

ಒಂದು ಎಚ್ಚರಿಕೆ ಅಗತ್ಯ. ದೀರ್ಘಕಾಲ ನಿತ್ಯ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಾಂತಿ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. "ನಾಳೆಯಿಂದಲೇ ಬಿಡು" ಎಂಬ ಮಾಲೀಕರ ಅಪ್ಪಣೆಗಿಂತ ವೈದ್ಯರ ಸಲಹೆ ಮುಖ್ಯ. ತೀವ್ರ ಸ್ಥಿತಿಯಲ್ಲಿ ಆಸ್ಪತ್ರೆಯೇ ಸೂಕ್ತ.

ಇನ್ನು ಲೆಕ್ಕದ ಮಾತು. ದಿನಗೂಲಿ 600 ರೂಪಾಯಿ ಎಂದಿಟ್ಟುಕೊಂಡರೆ ಹತ್ತು ದಿನಗಳ ಸಂಬಳಸಹಿತ ರಜೆಗೆ 6,000 ರೂಪಾಯಿ. ನುರಿತ ಕೆಲಸಗಾರನನ್ನು ಬಿಡಿಸಿದರೆ ವಸೂಲಾಗದ ಮುಂಗಡ, ಹೊಸಬನಿಗೆ ಕೆಲಸ ಕಲಿಸುವ ಅವಧಿಯ ನಷ್ಟ ಎರಡೂ ಇದಕ್ಕಿಂತ ದೊಡ್ಡವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಪರಿಗಣಿಸಿದೆ. ದೈಹಿಕ ಕಾಯಿಲೆಗಳಿಗೆ ಸಮನಾದ ವಿಮೆಯನ್ನೂ ಗೋಪ್ಯತೆಯ ಹಕ್ಕನ್ನೂ ನೀಡಿದೆ. ಸಿಬ್ಬಂದಿಯ ಗುಂಪು ವಿಮೆ ಮಾಡಿಸಿರುವ ಸದಸ್ಯರು ಪಾಲಿಸಿಯನ್ನು ಒಮ್ಮೆ ಓದಿನೋಡಬೇಕು.

ಆ ವ್ಯಾಪಾರಿಗಳು ಕೆಲಸ ಕಾಯ್ದಿರಿಸುವ ಮಾತು ಕೊಟ್ಟರು. ರಜೆಯ ಕಾರಣವನ್ನು ಗುಮಾಸ್ತರಿಗೂ ತಿಳಿಸಲಿಲ್ಲ. ಚಿಕಿತ್ಸೆಯಾದ ಕೆಲವು ತಿಂಗಳ ಬಳಿಕ ಆತ ಒಮ್ಮೆ ಎಡವಿದ. ಈ ಕಾಯಿಲೆಯಲ್ಲಿ ಅದು ಅಪರೂಪವಲ್ಲ. ಮಾಲೀಕರು ಮತ್ತೆ ಆಸ್ಪತ್ರೆಗೆ ಕಳುಹಿಸಿದರು. ಈ ವರ್ಷದ ಹಾಜರಿ ಪುಸ್ತಕದಲ್ಲಿ ಆತನ ಗೈರು ತಿಂಗಳಿಗೊಂದು ಮಂಗಳವಾರ ಮಾತ್ರ. ಅದಕ್ಕೂ ಪೂರ್ಣ ಕೂಲಿ ಬರೆದಿದೆ. ಮುಂಗಡದ ಬಾಕಿ ಅರ್ಧಕ್ಕಿಳಿದಿದೆ.