ಅಂಜಿಕೆಯನ್ನು ಮುಚ್ಚಿಡದ ಪ್ರಾರ್ಥನೆ

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿತೆಂದರೆ ಆ ಮನೆಯವರ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಮುಂದಿನ ಏಳೆಂಟು ದಿನಗಳಲ್ಲೇ ರೇಷ್ಮೆಹುಳು ತನ್ನ ಬದುಕಿನ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ. ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿದರೆ ಹಣ್ಣಾಗಬೇಕಿದ್ದ ಹುಳು ಹಾಸಿಗೆಯಲ್ಲೇ ಸತ್ತು ಬೀಳುತ್ತದೆ. ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟು ಹುಳು ಗೂಡು ಕಟ್ಟಿದರೂ ಮಾರುಕಟ್ಟೆಯಲ್ಲಿ ಅಂದಿನ ಹರಾಜು ಎಲ್ಲಿಗೆ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಹಿಪ್ಪುನೇರಳೆ ತೋಟಕ್ಕೆ ನೀರು ಕೊಡುವ ಕೊಳವೆಬಾವಿ ಸಾವಿರ ಅಡಿ ದಾಟಿದ್ದರೆ, ಅದು ಎಂದು ಬತ್ತುತ್ತದೋ ಎಂಬ ಚಿಂತೆ ಬೇರೆ.

ಇಂಥ ಮನೆಯ ಹೆಂಗಸು ಮುಂಜಾನೆ ದೀಪ ಹಚ್ಚಿ ‘ತಾಯಿ, ಈ ಸಲ ನನಗೆ ಧೈರ್ಯವೇ ಸಾಲ್ತಿಲ್ಲ’ ಎಂದು ಕೈ ಮುಗಿಯುತ್ತಾಳೆ. ಮುಗಿಸಿದವಳು ಅಲ್ಲೇ ಕೂರುವುದಿಲ್ಲ. ಕೈ ತೊಳೆದು ಹುಳುಮನೆಗೆ ಹೋಗಿ ರೋಗದ ಹುಳುಗಳನ್ನು ಆರಿಸಿ ತೆಗೆಯುತ್ತಾಳೆ, ಹಾಸಿಗೆಗೆ ಸುಣ್ಣ ಉದುರಿಸುತ್ತಾಳೆ, ಸೊಪ್ಪು ಹಾಕುತ್ತಾಳೆ. ಭಯ ಹೋಗಿರುವುದಿಲ್ಲ. ಆದರೆ ಕೈಕಾಲು ಆಡುವಷ್ಟು ಜಾಗವನ್ನು ಅದು ಬಿಟ್ಟುಕೊಟ್ಟಿರುತ್ತದೆ. ಪ್ರಾಮಾಣಿಕ ಪ್ರಾರ್ಥನೆಯಿಂದ ಮನುಷ್ಯನಿಗೆ ಸಿಗುವುದು ಇದೇ ಎಂದು ನಾನು ನಂಬಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ನೆಲದಲ್ಲಿ ಇದಕ್ಕೆ ಸಾಕ್ಷಿಗಳು ಹಲವು.

1927ರ ಮಾರ್ಚ್‌ನಲ್ಲಿ ಗಾಂಧೀಜಿ ಕೊಲ್ಹಾಪುರದ ಕಡೆ ಪ್ರವಾಸದಲ್ಲಿದ್ದಾಗ ರಕ್ತದೊತ್ತಡ ಏರಿ ಕುಸಿದರು. ವೈದ್ಯರು ವಿಶ್ರಾಂತಿ ಹೇಳಿದರು. ಮೈಸೂರು ಸಂಸ್ಥಾನದ ಅತಿಥಿಯಾಗಿ ಅವರು ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ನಂದಿಬೆಟ್ಟಕ್ಕೆ ಬಂದು ಜೂನ್ ಮೊದಲ ವಾರದವರೆಗೆ ಅಲ್ಲೇ ತಂಗಿದರು. 1936ರಲ್ಲಿ ಮತ್ತೆ ಬಂದರು. ಅವರು ಇಳಿದುಕೊಂಡಿದ್ದ ಕಟ್ಟಡ ಇಂದು ಗಾಂಧಿ ನಿಲಯ ಎಂದು ಹೆಸರಾಗಿದೆ. ಅವರ ದಿನಚರಿಯಲ್ಲಿ ಎಂದೂ ತಪ್ಪದಿದ್ದ ಒಂದು ಕೆಲಸ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆ.

ಬ್ರಿಟಿಷ್ ಸಾಮ್ರಾಜ್ಯಕ್ಕೆ ಅಂಜದ ಈ ಮನುಷ್ಯ ಬಾಲ್ಯದಲ್ಲಿ ಮಹಾ ಪುಕ್ಕಲ. ಕಳ್ಳರು, ದೆವ್ವಗಳು, ಹಾವುಗಳು ಎಂದರೆ ನಡುಗುತ್ತಿದ್ದರು. ಕತ್ತಲಲ್ಲಿ ಮಲಗುವುದಕ್ಕೇ ಆಗುತ್ತಿರಲಿಲ್ಲ. ಮನೆಯ ದಾದಿ ರಂಭಾ, ಹೆದರಿಕೆಯಾದಾಗ ರಾಮನಾಮ ಹೇಳಿಕೋ ಎಂದು ಕಲಿಸಿದಳು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1927ರಲ್ಲಿ ನಂದಿಗೆ ಬಂದ ಹೊತ್ತಿನಲ್ಲೇ ಅದು ‘ನವಜೀವನ’ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು. ಆ ಮದ್ದಿಗಿಂತ ರಂಭಾಳ ಮೇಲೇ ತಮಗೆ ಹೆಚ್ಚು ನಂಬಿಕೆಯಿತ್ತು, ಆ ಜಪ ಬಹಳ ದಿನ ನಡೆಯಲಿಲ್ಲ, ಆದರೆ ಬಿದ್ದ ಬೀಜ ಹುಸಿಯಾಗಲಿಲ್ಲ ಎಂಬುದು ಅವರ ಮಾತಿನ ಸಾರ. ಲೋಕವೇ ಮಹಾತ್ಮ ಎನ್ನುತ್ತಿದ್ದ ಹೊತ್ತಿನಲ್ಲಿ ತಾನು ಹೆದರುಪುಕ್ಕಲನಾಗಿದ್ದೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳಲು ಎಂಥ ಎದೆ ಬೇಕು! ಇದೇ ವ್ಯಕ್ತಿಯ ಆಶ್ರಮದ ಹನ್ನೊಂದು ವ್ರತಗಳಲ್ಲಿ ಅಭಯವೂ ಒಂದು. ಅಂಜಿಕೆಯನ್ನು ಹೆಸರಿಟ್ಟು ಕರೆದವರಿಗೇ ಅದರ ಎದುರು ನಿಲ್ಲುವ ಬಲ ಬರುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ಹಾಗೆಯೇ ನಿಂತಿವೆ. ಒಂದೊಂದು ಕಲ್ಲಿಗೂ ಅರಿಸಿನ ಕುಂಕುಮ, ಹೆಡೆಯ ಮೇಲೆ ಆರಿದ ಹಾಲಿನ ಕಲೆ. ಮಕ್ಕಳಾಗದ ದಂಪತಿ, ಕಾಯಿಲೆಯ ಕೂಸನ್ನು ಹೊತ್ತ ತಾಯಿ, ಮಗಳ ಮದುವೆಯ ಚಿಂತೆ ಹೊತ್ತ ತಂದೆ ಹೀಗೆ ಒಬ್ಬೊಬ್ಬರ ಆತಂಕವೂ ಅಲ್ಲಿ ಒಂದೊಂದು ಕಲ್ಲಾಗಿ ನಿಂತಿದೆ.

ಅದೇ ನೆಲದಲ್ಲಿ 1938ರ ಏಪ್ರಿಲ್ 25ರಂದು ಜನ ಬಾವುಟಕ್ಕಾಗಿ ಸೇರಿದರು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಅಡ್ಡಿಯಿದ್ದ ಕಾಲವದು. ಅದೇ ತಿಂಗಳು ಸಂಸ್ಥಾನದ ಇನ್ನೊಂದು ಊರಾದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ನಿಷೇಧಾಜ್ಞೆಯ ನಡುವೆಯೂ ಸುತ್ತಲಿನ ಹಳ್ಳಿಗಳಿಂದ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ದೇಶದಾದ್ಯಂತ ಸುದ್ದಿಯಾಯಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಆದ ಒಪ್ಪಂದದಿಂದ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ದಾರಿಯಾಯಿತು. ಮನೆಯ ಅಂಜಿಕೆಗಳನ್ನು ನಾಗಪ್ಪನ ಮುಂದಿಟ್ಟು ಹೋಗುತ್ತಿದ್ದ ರೈತಾಪಿ ಜನರೇ ಅಂದು ಬಂದೂಕಿನೆದುರು ಸೇರಿದ್ದವರು. ಕೈ ಮುಗಿಯುವವರು ಹೇಡಿಗಳು ಎನ್ನುವವರು ಅಲ್ಲಿ ಸತ್ತವರ ಸ್ಮಾರಕವಾದ ವೀರಸೌಧಕ್ಕೊಮ್ಮೆ ಹೋಗಿ ಬರಬೇಕು.

ಇದೇ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿ ಕೈವಾರದ ತಾತಯ್ಯ ಎಂದೇ ಹೆಸರಾದ ಯೋಗಿ ನಾರೇಯಣ ಯತೀಂದ್ರರು ಬಳೆ ಮಾರಿ ಸಂಸಾರ ನಡೆಸುತ್ತಿದ್ದವರು. ಪರದೇಶಿ ಗುರುವಿನಿಂದ ಮಂತ್ರ ಪಡೆದು ಗುಹೆಯಲ್ಲಿ ಕುಳಿತು ಸಾಧನೆ ಮಾಡಿದರು ಎಂದು ಜನ ಹೇಳುತ್ತಾರೆ. ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಗಡಿನಾಡಿನ ಹಳ್ಳಿಗಳ ಭಜನೆಗಳಲ್ಲಿ ಆ ಹಾಡುಗಳು ಇಂದಿಗೂ ಉಳಿದಿವೆ. ಓದು ಬಾರದವರಿಗೂ ದೇವರೊಡನೆ ಮನಬಿಚ್ಚಿ ಮಾತಾಡುವ ಭಾಷೆಯನ್ನು ಅವು ಕೊಟ್ಟವು. ಅದೇ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೇ ಹೋಗುತ್ತಾರೆ. ಮನಸ್ಸು ಕೆಟ್ಟವರನ್ನು, ಭಯ ಹೊಕ್ಕವರನ್ನು ಮನೆಯವರು ಅಲ್ಲಿಗೆ ಕರೆತರುವುದುಂಟು. ಸಂಕಟ ಬಂದಾಗ ಜಾತಿ ಧರ್ಮಗಳ ಗೋಡೆ ಎಷ್ಟು ತೆಳುವಾಗುತ್ತದೆ ಎಂಬುದನ್ನು ಅಲ್ಲಿ ನೋಡಬಹುದು.

ಆದರೆ ಹೆದರಿದವರ ಸುತ್ತ ವ್ಯಾಪಾರ ಮಾಡುವವರೂ ಇದ್ದೇ ಇರುತ್ತಾರೆ. ತಾಯಿತ ಕಟ್ಟುವವರು, ಶಾಂತಿ ಮಾಡಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕೀಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಇವರ ವಿರುದ್ಧ ಗಟ್ಟಿಯಾಗಿ ಮಾತಾಡಿದವರೂ ಇದೇ ನೆಲದವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಜೈಲಿಗೆ ಹೋದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದರು. ಪ್ರಾರ್ಥಿಸುವವರು ಅವರನ್ನು ವೈರಿಯೆಂದು ಎಣಿಸಬೇಕಿಲ್ಲ. ದೇವರ ಹೆಸರಿನಲ್ಲಿ ಸುಳ್ಳು ಹೇಳಬಾರದು ಎನ್ನುವುದು ನಿಜವಾದ ಭಕ್ತರ ಮಾತೂ ಹೌದು.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಪರೀಕ್ಷೆಯ ಫಲಿತಾಂಶವೋ ಸಾಲದ ನೋಟಿಸೋ ಆಸ್ಪತ್ರೆಯ ವರದಿಯೋ ಎದೆ ನಡುಗಿಸಿದಾಗ ನಿಮ್ಮ ದೇವರ ಮುಂದೆ ಕುಳಿತು ‘ನನಗೆ ಭಯವಾಗುತ್ತಿದೆ’ ಎಂದು ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ. ದೊಡ್ಡ ಮಂತ್ರ ಬೇಡ, ಚೌಕಾಸಿಯೂ ಬೇಡ. ಎದ್ದ ಮೇಲೆ ಅಂದು ಮಾಡಲೇಬೇಕಾದ ಒಂದು ಕೆಲಸ ಮಾಡಿ. ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ದೇವರ ಮುಂದೆ ನಿಜ ಹೇಳಲು ಕಲಿತವರಿಗೆ ಇನ್ನೊಬ್ಬ ಮನುಷ್ಯರ ಮುಂದೆ ನಿಜ ಹೇಳುವ ಧೈರ್ಯವೂ ಬರಲಿ.